ಪಿಸಿಆರ್ ಮಿಕ್ಸ್: ಫ್ಲಿಕ್ ಮಾಡೋದಾ, ಪೈಪೆಟ್ ಮಾಡೋದಾ, ವೋರ್ಟೆಕ್ಸ್ ಮಾಡೋದಾ?

ಪಿಸಿಆರ್ ಅಂದರೆ ಬಿಸಿ ಮಾಡಿ ತಣ್ಣಗೆ ಮಾಡುತ್ತಾ ಡಿಎನ್‌ಎಯ ಒಂದು ತುಂಡನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ. ಅದರ ಮಿಕ್ಸನ್ನು ಬೆರಳಲ್ಲಿ ತಟ್ಟಿ (ಫ್ಲಿಕ್) ಬೆರೆಸೋದಾ, ಪೈಪೆಟ್ ಎಂಬ ಅಳತೆಯ ಪಿಚಕಾರಿಯಲ್ಲಿ ಎಳೆದು ಬಿಟ್ಟು ಬೆರೆಸೋದಾ, ವೋರ್ಟೆಕ್ಸ್ ಎಂಬ ಅಲುಗಾಡಿಸುವ ಮೆಷಿನ್‌ಗೆ ಒತ್ತಿ ಬೆರೆಸೋದಾ? ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಇದೇ ಪ್ರಶ್ನೆ ಕೇಳಿದರು. ಮೊದಲನೆಯವನು ಹಾಸನದ ಎಂಎಸ್ಸಿ ಹುಡುಗ. ಆಲೂಗಡ್ಡೆ ಅಂಗಮಾರಿ ಮೇಲೆ ಪ್ರಾಜೆಕ್ಟ್. ಅವನ ಗೈಡ್ "ಟ್ಯಾಕ್ ಹಾಕಿದ ಮೇಲೆ ವೋರ್ಟೆಕ್ಸ್ ಹತ್ತಿರಕ್ಕೂ ಹೋಗಬೇಡ" ಅಂದಿದ್ದಾರೆ. ಟ್ಯಾಕ್ ಅಂದರೆ ಡಿಎನ್‌ಎ ಪ್ರತಿ ಮಾಡುವ ಎಂಜೈಮ್. ಎರಡನೆಯವಳು ಚಿಕ್ಕಮಗಳೂರಿನವಳು, ಕಾಳುಮೆಣಸಿನ ಸೊರಗು ರೋಗದ ಮೇಲೆ ಕೆಲಸ. ಅವಳ ಸೀನಿಯರ್ "ಹತ್ತು ಸಲ ಪೈಪೆಟ್ ಮಾಡದಿದ್ದರೆ ಮಿಕ್ಸೇ ಆಗಲ್ಲ" ಅಂತ ಹೇಳಿಕೊಟ್ಟಿದ್ದಾಳೆ. ಮೂರನೆಯವರು ರೋಗ ಪತ್ತೆ ಮಾಡುವ ಲ್ಯಾಬಿನವರು. "ನಾವು ಮಿಕ್ಸೇ ಮಾಡಲ್ಲ. ಟೆಂಪ್ಲೇಟ್ ಹಾಕ್ತೀವಿ, ಸ್ಪಿನ್ ಮಾಡ್ತೀವಿ, ಮೆಷಿನ್‌ಗೆ ಇಡ್ತೀವಿ. ರಿಸಲ್ಟ್ ಬರುತ್ತಲ್ಲ, ತಪ್ಪಾ?" ಟೆಂಪ್ಲೇಟ್ ಅಂದರೆ ಸ್ಯಾಂಪಲ್‌ನಿಂದ ತೆಗೆದ ಡಿಎನ್‌ಎ, ಸ್ಪಿನ್ ಅಂದರೆ ಟ್ಯೂಬನ್ನು ಗಿರಗಿರ ತಿರುಗಿಸಿ ಹನಿಗಳನ್ನು ತಳಕ್ಕೆ ಇಳಿಸೋದು.

ಮೂವರೂ ಅರ್ಧ ಸರಿ. ಒಬ್ಬೊಬ್ಬರು ಒಂದೊಂದು ಹಂತದ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ. ಪಿಸಿಆರ್‌ನಲ್ಲಿ ಮಿಕ್ಸ್ ಮಾಡುವ ಜಾಗ ಮೂರು. ಫ್ರೀಜರ್‌ನಿಂದ ತೆಗೆದ ಸ್ಟಾಕ್ ಟ್ಯೂಬುಗಳು ಒಂದು, ಟೆಂಪ್ಲೇಟ್ ಬಿಟ್ಟು ಉಳಿದೆಲ್ಲವನ್ನೂ ಒಟ್ಟಿಗೆ ಮಾಡಿಟ್ಟು ಹಂಚುವ ಮಾಸ್ಟರ್ ಮಿಕ್ಸ್ ಎರಡನೆಯದು, ಟೆಂಪ್ಲೇಟ್ ಹಾಕಿದ ಮೇಲಿನ ಕೊನೆಯ ಟ್ಯೂಬ್ ಮೂರನೆಯದು. ಹೊಸಬರು ಮೂರನೆಯದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಕೈಕೊಡೋದು ಹೆಚ್ಚಾಗಿ ಮೊದಲೆರಡರಲ್ಲಿ.

ಇದು ನನಗೆ ಗೊತ್ತಾಗಿದ್ದು ಒಂದು ಜೆಲ್ ನೋಡಿ. ಪಿಸಿಆರ್ ಮುಗಿದ ಮೇಲೆ ಒಂದೊಂದು ಟ್ಯೂಬಿನದ್ದನ್ನೂ ಜೆಲ್‌ನ ಒಂದೊಂದು ಸಾಲಿನಲ್ಲಿ (ಲೇನ್) ಓಡಿಸುತ್ತೇವೆ, ಪ್ರತಿ ಆಗಿದ್ದರೆ ಅಲ್ಲಿ ಪಟ್ಟಿ (ಬ್ಯಾಂಡ್) ಹೊಳೆಯುತ್ತದೆ. 24 ರಿಯಾಕ್ಷನ್ ಇಟ್ಟಿದ್ದೆ. ಮೊದಲ ಏಳೆಂಟು ಲೇನ್‌ಗಳಲ್ಲಿ ಬ್ಯಾಂಡ್ ಹೊಳೆಯುತ್ತಿತ್ತು. ಆಮೇಲೆ ಸ್ವಲ್ಪ ಸ್ವಲ್ಪ ಮಂಕು. ಕೊನೆಯ ಆರು ಲೇನ್ ಖಾಲಿ. ಆ ಖಾಲಿ ಲೇನ್‌ಗಳಲ್ಲಿ ಪಾಸಿಟಿವ್ ಕಂಟ್ರೋಲ್, ಅಂದರೆ ಬ್ಯಾಂಡ್ ಬರಲೇಬೇಕಾದ ಟ್ಯೂಬ್, ಕೂಡ ಒಂದು. ಪಾಸಿಟಿವ್ ಹೋದರೆ ಇಡೀ ಜೆಲ್ ಹೋದ ಹಾಗೆ, ಅಲ್ವಾ? ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಪುಟ್ಟ ಡಿಎನ್‌ಎ ತುಂಡು) ಕೆಟ್ಟಿದೆ ಅಂದುಕೊಂಡು ಹೊಸ ಪ್ರೈಮರ್ ತರಿಸಿದೆ. ಎರಡು ವಾರ ಕಾದೆ. ಮತ್ತೆ ಅದೇ ಮೆಟ್ಟಿಲು ಮೆಟ್ಟಿಲು ಬ್ಯಾಂಡ್. ಆಗ ತಲೆಗೆ ಹೊಳೆಯಿತು. ಮಾಸ್ಟರ್ ಮಿಕ್ಸ್‌ಗೆ ಕೊನೆಗೆ ಟ್ಯಾಕ್ ಹಾಕಿ, ಒಂದು ಸಲ ಟ್ಯೂಬ್ ತಿರುಗಿಸಿದ ಹಾಗೆ ಮಾಡಿ, ನೇರ ಹಂಚಲು ಶುರು ಮಾಡುತ್ತಿದ್ದೆ. ಪೈಪೆಟ್ ಟಿಪ್ ತಳಕ್ಕೆ ಮುಟ್ಟಿಸಿ ತೆಗೆಯುವ ಅಭ್ಯಾಸ ನನ್ನದು. ಎಂಜೈಮ್ ಕೂತಿದ್ದೂ ತಳದಲ್ಲೇ. ಮೊದಲ ಟ್ಯೂಬುಗಳಿಗೆ ಹಬ್ಬ, ಕೊನೆಯವಕ್ಕೆ ಉಪವಾಸ.

ಟ್ಯಾಕ್ ತಳಕ್ಕೆ ಇಳಿಯೋದು ಯಾಕೆ? ಅದನ್ನು ಮಾರೋದೇ ಸುಮಾರು ಅರ್ಧ ಗ್ಲಿಸರಾಲ್‌ನಲ್ಲಿ. ಹಾಗಿರುವುದರಿಂದಲೇ ಮೈನಸ್ 20 ಡಿಗ್ರಿಯಲ್ಲೂ ಅದು ಗಟ್ಟಿಯಾಗಲ್ಲ. ಗ್ಲಿಸರಾಲ್ ಸಾಂದ್ರತೆ ಒಂದು ಮಿಲಿಗೆ 1.26 ಗ್ರಾಂ. ನೀರಿಗಿಂತ ಭಾರ, ನೀರಿಗಿಂತ ಮಂದ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಜೋನಿ ಬೆಲ್ಲ ಬಿಡಿ. ಎಳೆ ಎಳೆಯಾಗಿ ಇಳಿದು ತಳದಲ್ಲಿ ಕೂರುತ್ತದೆ. ಮೇಲಿನ ನೀರು ಕುಡಿದರೆ ಸಪ್ಪೆ. ಟ್ಯೂಬಿನಲ್ಲೂ ಅದೇ ಕಥೆ, ಬಣ್ಣ ಇಲ್ಲದ್ದರಿಂದ ಕಾಣಲ್ಲ ಅಷ್ಟೇ.

ಲೆಕ್ಕ ನೋಡಿ. 25 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಮಾಮೂಲಿ 0.2 ಮೈಕ್ರೋಲೀಟರ್ ಟ್ಯಾಕ್, ಅಂದರೆ 1 ಯೂನಿಟ್. 24 ಟ್ಯೂಬಿಗೆ ಸ್ವಲ್ಪ ಜಾಸ್ತಿ ಸೇರಿಸಿ 26ರ ಲೆಕ್ಕದಲ್ಲಿ, ಟೆಂಪ್ಲೇಟ್‌ಗೆ 5 ಬಿಟ್ಟು ಟ್ಯೂಬಿಗೆ 20ರ ಹಾಗೆ ಮಾಡಿದರೆ 520 ಮೈಕ್ರೋಲೀಟರ್ ಮಿಕ್ಸ್‌ನಲ್ಲಿ ಟ್ಯಾಕ್ ಬರೀ 5.2 ಮೈಕ್ರೋಲೀಟರ್. ನೂರಕ್ಕೆ ಒಂದು ಪಾಲು. ಆ ಒಂದು ಪಾಲು ಎಲ್ಲ ಕಡೆ ಹೋಗಬೇಕು. ತಾನಾಗಿ ಹರಡುತ್ತದೆ ಅಂತ ಕಾಯುವ ಹಾಗಿಲ್ಲ. 94 ಸಾವಿರ ಡಾಲ್ಟನ್ ತೂಕದ ಪ್ರೋಟೀನ್ ಅದು. ನಿಂತ ನೀರಿನಲ್ಲಿ ಒಂದು ಮಿಲಿಮೀಟರ್ ಸರಿಯಲು ಎರಡು ಗಂಟೆಯ ಮೇಲೆ ಬೇಕು. ಐಸ್ ಮೇಲಿದ್ದರೆ ಇನ್ನೂ ನಿಧಾನ.

ಯಾವುದನ್ನು ನೋಡಿ ಆರಿಸಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಸಮವಾಗಿ ಬೆರೆಯಿತಾ ಅನ್ನೋದು ಮೊದಲನೆಯದು. ಎಂಜೈಮ್, ಡಿಎನ್‌ಎಗೆ ಪೆಟ್ಟು ಬಿತ್ತಾ ಅನ್ನೋದು ಎರಡನೆಯದು. ಒಂದು ಟ್ಯೂಬಿನದ್ದು ಇನ್ನೊಂದಕ್ಕೆ ಹಾರಿತಾ ಅನ್ನೋದು ಮೂರನೆಯದು. ಕೊನೆಯದು ಟಿಪ್, ಸಮಯ, ಹೆಬ್ಬೆರಳು ಮತ್ತು ದುಡ್ಡು. ಎರಡನೆಯದರ ಬಗ್ಗೆ ಎಲ್ಲರಿಗೂ ಅತಿ ಭಯ, ಮೂರನೆಯದರ ಬಗ್ಗೆ ಯಾರಿಗೂ ಭಯವಿಲ್ಲ. ಇರಬೇಕಾದ್ದು ತಿರುಗಾಮುರುಗಾ. ಎಂಜೈಮ್ ಸ್ವಲ್ಪ ಸತ್ತರೆ ಬ್ಯಾಂಡ್ ಮಂಕಾಗುತ್ತದೆ, ಇನ್ನೊಂದು ಸಲ ಮಾಡಿದರಾಯಿತು. ಟೆಂಪ್ಲೇಟ್ ಹಾಕದ ನೆಗೆಟಿವ್ ಕಂಟ್ರೋಲ್‌ನಲ್ಲಿ ಬ್ಯಾಂಡ್ ಬಂದರೆ ಯಾವ ರಿಸಲ್ಟನ್ನೂ ನಂಬುವ ಹಾಗಿಲ್ಲ.

ಬೆರಳಲ್ಲಿ ಫ್ಲಿಕ್ ಮಾಡೋದು

ಖರ್ಚು ಸೊನ್ನೆ. ನನ್ನ ಮೊದಲ ಆಯ್ಕೆ ಇದೇ. ಟ್ಯೂಬಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಹಿಡಿದು, ತಳಕ್ಕೆ ಇನ್ನೊಂದು ಕೈಯ ತೋರುಬೆರಳಿಂದ ಹೊಡೆಯಿರಿ. ಕೇರಂ ಸ್ಟ್ರೈಕರ್ ಹೊಡೆದ ಹಾಗೆ ಬೇಡ, ಬಾಗಿಲು ತಟ್ಟಿದಷ್ಟು ಸಾಕು. ದ್ರವ ಗೋಡೆ ಹತ್ತಿ ಇಳಿಯುವುದು ಕಾಣಬೇಕು. 1.5 ಮಿಲಿ ಟ್ಯೂಬಿನಲ್ಲಿ 200ರಿಂದ 800 ಮೈಕ್ರೋಲೀಟರ್ ಇದ್ದಾಗ ಹತ್ತು ಹದಿನೈದು ಹೊಡೆತಕ್ಕೆ ಚೆನ್ನಾಗಿ ಬೆರೆಯುತ್ತದೆ. ಆಮೇಲೆ ಐದು ಸೆಕೆಂಡ್ ಸ್ಪಿನ್. ಸ್ಪಿನ್ ಬಿಟ್ಟರೆ ಮುಚ್ಚಳದಲ್ಲಿ ಹನಿ ಉಳಿಯುತ್ತದೆ. ಮುಚ್ಚಳ ತೆಗೆದಾಗ ಆ ಹನಿ ಗ್ಲೌಸಿಗೆ ಬರುತ್ತದೆ, ಗ್ಲೌಸಿಂದ ಪಕ್ಕದ ಟ್ಯೂಬಿಗೆ.

ಟ್ಯೂಬ್ ತುಂಬಾ ತುಂಬಿದ್ದರೆ ಫ್ಲಿಕ್ ಕೆಲಸ ಮಾಡಲ್ಲ. ದ್ರವಕ್ಕೆ ಓಡಾಡಲು ಜಾಗ ಬೇಕು. 8 ಟ್ಯೂಬಿನ ಸ್ಟ್ರಿಪ್‌ನಲ್ಲಿ 25 ಮೈಕ್ರೋಲೀಟರ್ ಇದ್ದಾಗಲೂ ಫ್ಲಿಕ್ ಮಾಡಬಹುದು, ಆದರೆ ತುದಿಯ ಟ್ಯೂಬಿಗೆ ಸಿಕ್ಕಷ್ಟು ಹೊಡೆತ ನಡುವಿನವಕ್ಕೆ ಸಿಗಲ್ಲ. ಒಂದೊಂದರ ತಳಕ್ಕೂ ಬೆರಳು ಆಡಿಸಬೇಕು. ಇನ್ನೊಂದು ತೊಂದರೆ, ಒಬ್ಬೊಬ್ಬರ ಕೈ ಒಂದೊಂದು ಥರ. ನಿಮ್ಮ ಫ್ಲಿಕ್ ಮತ್ತು ನಿಮ್ಮ ಜೂನಿಯರ್ ಫ್ಲಿಕ್ ಒಂದೇ ಅಲ್ಲ. ಪ್ರೋಟೋಕಾಲ್‌ನಲ್ಲಿ ಸುಮ್ನೆ "ಫ್ಲಿಕ್ ಮಾಡಿ" ಅಂತ ಬರೆಯದೆ ಎಷ್ಟು ಸಲ ಅಂತ ಬರೆಯಿರಿ.

ತಲೆಕೆಳಗೆ ಮಾಡೋದು ಫ್ಲಿಕ್‌ನ ತಮ್ಮ. ದೊಡ್ಡ ಟ್ಯೂಬಿಗೆ ಸರಿ. 0.2 ಮಿಲಿ ಟ್ಯೂಬಿನಲ್ಲಿ 25 ಮೈಕ್ರೋಲೀಟರ್ ಹಾಕಿ ತಿರುಗಿಸಿ ನೋಡಿ, ಹನಿ ತಳಕ್ಕೆ ಅಂಟಿಕೊಂಡೇ ಕೂತಿರುತ್ತದೆ. ಮಿಕ್ಸ್ ಆಯಿತು ಅನ್ನೋದು ನಮ್ಮ ಭ್ರಮೆ.

ಪೈಪೆಟ್ಟಿನಲ್ಲಿ ಮೇಲೆ ಕೆಳಗೆ

ಸರಿಯಾಗಿ ಮಾಡಿದರೆ ಕೊನೆಯ ಟ್ಯೂಬಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಸರಿಯಾಗಿ ಮಾಡುವವರು ಕಮ್ಮಿ.

ಆ ಚಿಕ್ಕಮಗಳೂರಿನ ಹುಡುಗಿಗೆ ವಿಡಿಯೋ ಕಳಿಸಲು ಹೇಳಿದೆ. 24 ಮೈಕ್ರೋಲೀಟರ್ ಮಿಕ್ಸ್ ಇರುವ ಟ್ಯೂಬಿಗೆ 1 ಮೈಕ್ರೋಲೀಟರ್ ಡಿಎನ್‌ಎ ಹಾಕುತ್ತಾಳೆ. ಅದೇ ಪೈಪೆಟ್ಟನ್ನು 1 ಮೈಕ್ರೋಲೀಟರ್‌ನಲ್ಲೇ ಇಟ್ಟು ಹತ್ತು ಸಲ ಮೇಲೆ ಕೆಳಗೆ ಮಾಡುತ್ತಾಳೆ. ನೋಡಲು ಶ್ರದ್ಧೆ. ಆದರೆ 25ರಲ್ಲಿ 1 ಪಾಲು ಮಾತ್ರ ಓಡಾಡುತ್ತಿದೆ, ಉಳಿದ 24 ನಿದ್ದೆ ಮಾಡುತ್ತಿದೆ. ಹಂಡೆ ನೀರನ್ನು ಟೀ ಚಮಚದಲ್ಲಿ ಕಲಕಿದ ಹಾಗೆ. ಪೈಪೆಟ್ಟಿನಲ್ಲಿ ಬೆರೆಸಬೇಕು ಅಂದರೆ ಒಟ್ಟು ದ್ರವದ ಅರ್ಧದಿಂದ ಮುಕ್ಕಾಲು ಪಾಲು ಟಿಪ್ ಒಳಗೆ ಹೋಗಿ ಬರಬೇಕು. 25ಕ್ಕೆ 15ರಿಂದ 18. ಟಿಪ್ ದ್ರವದೊಳಗೇ ಇರಬೇಕು. ಮೊದಲ ತಡೆಯಿಂದ ಕೆಳಗೆ ಒತ್ತಬಾರದು, ಒತ್ತಿದರೆ ಗುಳ್ಳೆ.

ಪೈಪೆಟ್ ಬದಲಾಯಿಸಿದರೆ ಟಿಪ್ ಎರಡು ಬೇಕಾಗುತ್ತದೆ, ಫಿಲ್ಟರ್ ಟಿಪ್ ಅಗ್ಗ ಅಲ್ಲ. ಅದಕ್ಕೊಂದು ಉಪಾಯ ಇದೆ. ಡಿಎನ್‌ಎಯನ್ನು ಮೊದಲೇ ಐದು ಪಟ್ಟು ತೆಳು ಮಾಡಿ, 20 ಮೈಕ್ರೋಲೀಟರ್ ಮಿಕ್ಸ್‌ಗೆ 5 ಮೈಕ್ರೋಲೀಟರ್ ಹಾಕಿ. ಅದೇ ಟಿಪ್‌ನಲ್ಲಿ ನಾಲ್ಕೈದು ಸಲ ಆಡಿಸಿದರೆ ಸಾಕಷ್ಟು ಬೆರೆಯುತ್ತದೆ. 1 ಮೈಕ್ರೋಲೀಟರ್ ತೆಗೆಯುವಾಗ ಆಗುವ ತಪ್ಪು 5 ತೆಗೆಯುವಾಗ ತುಂಬಾ ಕಡಿಮೆ ಅನ್ನೋದು ಮೇಲಿನ ಲಾಭ. ಈ ಒಂದು ಬದಲಾವಣೆಯಿಂದ ಅವಳ ಅರ್ಧ ತಲೆನೋವು ಹೋಯಿತು.

ಉಳಿದರ್ಧ ಮೆಣಸಿನದ್ದು. ಕಾಳುಮೆಣಸಿನ ಎಲೆಯ ಡಿಎನ್‌ಎ ಜೊತೆ ಲೋಳೆ ಬರುತ್ತದೆ, ಪಾಲಿಫೀನಾಲ್ ಬರುತ್ತದೆ. ಕಾಫಿ ಎಲೆಯೂ ಇದೇ ಜಾತಿ. ಆ ಡಿಎನ್‌ಎ ಟ್ಯೂಬಿನಲ್ಲಿ ಲೋಳೆಸರದ ಹಾಗೆ ಗಂಟುಕಟ್ಟಿ ಕೂರುತ್ತದೆ. ಒಂದು ಸಲ ತೆಗೆದರೆ ಗಂಟೇ ಬರುತ್ತದೆ, ಇನ್ನೊಂದು ಸಲ ಬರೀ ನೀರು. ಇಂಥ ಸ್ಯಾಂಪಲ್‌ಗೆ ರಿಯಾಕ್ಷನ್ ಟ್ಯೂಬಿನಲ್ಲಿ ಎಷ್ಟು ಪೈಪೆಟ್ ಮಾಡಿದರೂ ಪ್ರಯೋಜನ ಇಲ್ಲ. ಮೊದಲು ಡಿಎನ್‌ಎ ಟ್ಯೂಬನ್ನೇ ಹೊರಗಿಟ್ಟು, ತುದಿ ಕತ್ತರಿಸಿದ ಟಿಪ್‌ನಲ್ಲಿ ನಿಧಾನ ಆಡಿಸಿ, ಹತ್ತು ಪಟ್ಟು ತೆಳು ಮಾಡಿ ಆಮೇಲೆ ಹಾಕಿ. ತೆಳು ಮಾಡಿದರೆ ಪಿಸಿಆರ್ ತಡೆಯುವ ಪಾಲಿಫೀನಾಲ್ ಕೂಡ ತೆಳುವಾಗುತ್ತದೆ.

ಪೈಪೆಟ್ ವಿಧಾನದ ನಿಜವಾದ ಬೆಲೆ ಗೊತ್ತಾಗೋದು ಪ್ಲೇಟಿನಲ್ಲಿ. 96 ಬಾವಿ (ಪುಟ್ಟ ಗುಳಿ), ಒಂದೊಂದಕ್ಕೆ 10 ಸಲ, 960 ಒತ್ತು. ಹೆಬ್ಬೆರಳು ಮಾತು ಕೇಳಲ್ಲ, ಅರವತ್ತನೇ ಬಾವಿಗೆ ಬರುವಷ್ಟರಲ್ಲಿ ಹತ್ತು ಸಲ ಆರಾಗಿರುತ್ತದೆ. 8 ಚಾನೆಲ್ ಪೈಪೆಟ್ ಇದ್ದರೆ 120ಕ್ಕೆ ಇಳಿಯುತ್ತದೆ. ಜೊತೆಗೆ ಅಷ್ಟು ಹೊತ್ತೂ ಎಲ್ಲ ಬಾವಿ ಬಾಯಿ ತೆರೆದುಕೊಂಡಿರುತ್ತವೆ. ಪಾಸಿಟಿವ್ ಕಂಟ್ರೋಲ್ ಪಕ್ಕದಲ್ಲೇ ಇದ್ದರೆ ನನಗಂತೂ ಧೈರ್ಯ ಇಲ್ಲ.

ವೋರ್ಟೆಕ್ಸ್

ಇದರ ಮೇಲೆ ಇರುವಷ್ಟು ಮೂಢನಂಬಿಕೆ ಇನ್ನಾವುದರ ಮೇಲೂ ಇಲ್ಲ. ಬಫರ್, ಮೆಗ್ನೀಷಿಯಂ ಕ್ಲೋರೈಡ್, ಡಿಎನ್‌ಟಿಪಿ (ಡಿಎನ್‌ಎ ಕಟ್ಟುವ ಇಟ್ಟಿಗೆಗಳು), ಪ್ರೈಮರ್, ಇವನ್ನು ಕರಗಿದ ಮೇಲೆ ವೋರ್ಟೆಕ್ಸ್ ಮಾಡಲೇಬೇಕು. ಹೆಪ್ಪುಗಟ್ಟಿ ಕರಗುವಾಗ ಉಪ್ಪು ಕೆಳಗೆ, ನೀರು ಮೇಲೆ ಅಂತ ಬೇರೆ ಬೇರೆ ಆಗಿರುತ್ತದೆ. ಐಸ್ ಕ್ಯಾಂಡಿ ಚೀಪಿದಾಗ ಸಿಹಿಯೆಲ್ಲ ಮೊದಲು ಬಂದು ಕೊನೆಗೆ ಬರೀ ಐಸ್ ಉಳಿಯುತ್ತಲ್ಲ, ಹಾಗೆ. ಮೆಗ್ನೀಷಿಯಂ ಹೆಚ್ಚುಕಮ್ಮಿ ಆದರೆ ಬೇಡದ ಬ್ಯಾಂಡ್ ಬರುತ್ತದೆ, ಇಲ್ಲವೇ ಬ್ಯಾಂಡೇ ಬರಲ್ಲ. "ಹೊಸ ಬಫರ್ ತೆಗೆದ ದಿನ ಸರಿ ಇತ್ತು, ಆಮೇಲೆ ಕೆಟ್ಟಿತು" ಅನ್ನುವ ದೂರುಗಳಲ್ಲಿ ಎಷ್ಟೋ ಇದೇ.

ಟ್ಯಾಕ್‌ನ ಸ್ಟಾಕ್ ಟ್ಯೂಬನ್ನು ಮಾತ್ರ ವೋರ್ಟೆಕ್ಸ್ ಮಾಡಬೇಡಿ. ಗಟ್ಟಿ ಪ್ರೋಟೀನು, ನೊರೆ ಬರುತ್ತದೆ, ನೊರೆಯಲ್ಲಿ ಎಂಜೈಮ್ ಕೆಡುತ್ತದೆ. ಎರಡು ಸಲ ಮೆಲ್ಲಗೆ ಫ್ಲಿಕ್, ಒಂದು ಸ್ಪಿನ್ ಸಾಕು. ಹಾಸನದ ಗೈಡ್ ಹೇಳಿದ್ದು ಇಲ್ಲಿಗೆ ಸರಿ. ಆದರೆ ಮಾಸ್ಟರ್ ಮಿಕ್ಸ್‌ಗೆ ಬಿದ್ದ ಟ್ಯಾಕ್ ಅಷ್ಟೊಂದು ನಾಜೂಕಲ್ಲ. 95 ಡಿಗ್ರಿಯಲ್ಲಿ ಮೂವತ್ತು ಸಲ ಬೆಂದು ಬರುವ ಎಂಜೈಮ್ ಅದು. ಕಡಿಮೆ ವೇಗದಲ್ಲಿ ಎರಡು ಮೂರು ಸೆಕೆಂಡಿನ ವೋರ್ಟೆಕ್ಸ್‌ಗೆ ಸಾಯಲ್ಲ. ಕೆಲವು ಕಂಪನಿಗಳ ಕರಪತ್ರದಲ್ಲೇ "ಮೆಲ್ಲಗೆ ವೋರ್ಟೆಕ್ಸ್ ಮಾಡಿ" ಅಂತ ಇರುತ್ತದೆ. ಮಿಕ್ಸ್‌ಗೆ ಬಿಎಸ್‌ಎ ಎಂಬ ಪ್ರೋಟೀನ್ ಹಾಕಿದ್ದರೆ ನೊರೆ ಜಾಸ್ತಿ, ಆಗ ಫ್ಲಿಕ್ ವಾಸಿ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಜೈಮ್ ಟ್ಯಾಕ್‌ನಷ್ಟು ಗಟ್ಟಿ ಅಲ್ಲ, ಅದು ಇದ್ದರೂ ಫ್ಲಿಕ್.

ಡಿಎನ್‌ಎ ತುಂಡಾಗುತ್ತದೆ ಅನ್ನೋದು ನಿಜ, ಆದರೆ ಯಾರಿಗೆ? ಉದ್ದದ ಡಿಎನ್‌ಎ ವೋರ್ಟೆಕ್ಸ್‌ನಲ್ಲಿ ಹತ್ತಾರು ಸಾವಿರ ಬೇಸ್‌ನ (ಡಿಎನ್‌ಎ ಅಕ್ಷರಗಳ) ತುಂಡುಗಳಾಗುತ್ತದೆ. ನೀವು ಶಿಲೀಂಧ್ರ ಗುರುತಿಸಲು ಬಳಸುವ ಐಟಿಎಸ್ ಥರದ, ಒಂದು ಸಾವಿರ ಬೇಸ್‌ನೊಳಗಿನ ತುಂಡು ತೆಗೆಯುತ್ತಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಹತ್ತು ಸಾವಿರ ಬೇಸ್‌ಗಿಂತ ಉದ್ದದ ಪಿಸಿಆರ್ ಮಾಡುವವರು ಹೆದರಲಿ.

ಕೊನೆಯ ಟ್ಯೂಬಿಗೆ ವೋರ್ಟೆಕ್ಸ್ ಅಷ್ಟೇನೂ ಚೆನ್ನಾಗಿಲ್ಲ. 10–25 ಮೈಕ್ರೋಲೀಟರ್ ಸಣ್ಣ ಹನಿ ಗೋಡೆಗೆ ಅಂಟಿಕೊಂಡು ನಡುಗುತ್ತದೆ, ತಿರುಗಲ್ಲ. ತಿರುಗಲಿ ಅಂತ ವೇಗ ಏರಿಸಿದರೆ ಮುಚ್ಚಳಕ್ಕೆ ಹಾರುತ್ತದೆ. ಒಮ್ಮೆ ನಮ್ಮಲ್ಲಿ ಸ್ಟ್ರಿಪ್‌ನ ಒಂದು ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ವೋರ್ಟೆಕ್ಸ್ ರಬ್ಬರ್ ಮೇಲೆ ಸಣ್ಣ ಹನಿ ಕಂಡಾಗಲೇ ಗೊತ್ತಾಗಿದ್ದು. ಬಿಸಾಕಿ, ಒರೆಸಿ, ಮೊದಲಿಂದ.

ಏನೂ ಮಾಡದಿರೋದು

ಮೂರನೆಯವರ ಪ್ರಶ್ನೆ. ಮಿಕ್ಸ್ ಮಾಡದೆಯೂ ಬ್ಯಾಂಡ್ ಬರುತ್ತದೆ, ಸುಳ್ಳಲ್ಲ. ಮೆಷಿನ್ ಬಿಸಿ ಮಾಡಿ ತಣ್ಣಗೆ ಮಾಡುವಾಗ ದ್ರವ ಒಳಗೇ ಸುತ್ತು ಹೊಡೆಯುತ್ತದೆ. ಟೆಂಪ್ಲೇಟನ್ನು ರಭಸದಿಂದ ಬಿಟ್ಟರೆ ಒಂದಿಷ್ಟು ಬೆರೆಯುತ್ತದೆ, ಸ್ಪಿನ್‌ನಲ್ಲಿ ಇನ್ನೊಂದಿಷ್ಟು. ಮಾಸ್ಟರ್ ಮಿಕ್ಸ್ ಚೆನ್ನಾಗಿ ಬೆರೆತಿದ್ದು, ಟೆಂಪ್ಲೇಟ್ ನೀರಿನಷ್ಟೇ ತೆಳು ಇದ್ದು, ಬೇಕಾದ್ದು ಇದೆ ಅಥವಾ ಇಲ್ಲ ಎಂಬ ಉತ್ತರ ಮಾತ್ರ ಆದರೆ ನಡೆಯುತ್ತದೆ.

ನಡೆಯದಿರೋದು ಎರಡು ಕಡೆ. ಟೆಂಪ್ಲೇಟ್ ತೀರಾ ಕಮ್ಮಿ ಇರುವ ಸ್ಯಾಂಪಲ್ ಒಂದು. ಕೊಪ್ಪ, ಶೃಂಗೇರಿ ಕಡೆ ಮಂಗನ ಕಾಯಿಲೆಯ ಕಾಲದಲ್ಲಿ ಒಂದು ರಿಸಲ್ಟಿಗೆ ಇಡೀ ಮನೆ ಕಾದಿರುತ್ತದೆ. ಅಲ್ಲಿ ಅಂಚಿನ ಪಾಸಿಟಿವ್ ತಪ್ಪಿಹೋದರೆ ಜೆಲ್ ಮತ್ತೆ ಓಡಿಸಿದಷ್ಟು ಸುಲಭ ಅಲ್ಲ. ಅಂಥ ಲ್ಯಾಬ್ ತನ್ನ ಕಿಟ್‌ನ ಕರಪತ್ರದಲ್ಲಿ ಹೇಗಿದೆಯೋ ಹಾಗೇ ಮಾಡಬೇಕು, ಕಿಟ್ ಪಾಸಾಗಿರೋದು ಆ ವಿಧಾನಕ್ಕೆ. ಇನ್ನೊಂದು ಕಡೆ, ಪ್ರತಿ ಆಗುತ್ತಿರುವಾಗಲೇ ಬೆಳಕಿನಿಂದ ಲೆಕ್ಕ ಹಾಕುವ ರಿಯಲ್ ಟೈಮ್ ಪಿಸಿಆರ್‌ನಲ್ಲಿ ಪ್ರಮಾಣ ಅಳೆಯುವಾಗ. ಒಂದು ಸೈಕಲ್ (ಒಂದು ಸುತ್ತು ಬಿಸಿ, ತಣ್ಣಗೆ) ವ್ಯತ್ಯಾಸ ಅಂದರೆ ಎರಡು ಪಟ್ಟು ಡಿಎನ್‌ಎ. ಒಂದೇ ಸ್ಯಾಂಪಲ್‌ನ ಮೂರು ಬಾವಿಗಳು ಅರ್ಧ ಸೈಕಲ್‌ಗಿಂತ ದೂರ ದೂರ ಬಿದ್ದರೆ ನಾನು ಮೊದಲು ಅನುಮಾನಪಡೋದು ಮಿಕ್ಸಿಂಗ್ ಮೇಲೆ. ರಾಕ್ಸ್ ಬಣ್ಣ ಇದೆಯಲ್ಲ ಅನ್ನಬೇಡಿ. ಅದು ಬಾವಿಯಿಂದ ಬಾವಿಗೆ ಇರುವ ಬೆಳಕಿನ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಬೀಳದ ಡಿಎನ್‌ಎಯನ್ನು ತಂದುಕೊಡಲ್ಲ.

ರಿಯಲ್ ಟೈಮ್‌ನಲ್ಲಿ ಗುಳ್ಳೆಯೂ ಶತ್ರು. ಮೆಷಿನ್ ಬೆಳಕು ನೋಡುತ್ತದೆ, ಗುಳ್ಳೆ ಒಡೆದಾಗ ಗೆರೆ ಜಿಗಿಯುತ್ತದೆ. ಹಾಗಾಗಿ ಪ್ಲೇಟಿಗೆ ನನ್ನ ಸಲಹೆ ಹೀಗೆ: ಫಿಲ್ಮ್ ಬಿಗಿಯಾಗಿ ಅಂಟಿಸಿ, ಪ್ಲೇಟ್ ಶೇಕರ್ ಇದ್ದರೆ ಅದರ ಮೇಲೆ ಒಂದು ನಿಮಿಷ, ಇಲ್ಲದಿದ್ದರೆ ವೋರ್ಟೆಕ್ಸ್‌ನ ಚಪ್ಪಟೆ ತಟ್ಟೆಯ ಮೇಲೆ ಮೂಲೆ ಮೂಲೆ ಒತ್ತಿ, ಆಮೇಲೆ ಒಂದು ನಿಮಿಷ ಸ್ಪಿನ್. ಎಲ್ಲ ಬಾವಿಗೂ ಒಂದೇ ಥರದ ಮಿಕ್ಸ್, ಬಾಯಿ ಮುಚ್ಚಿದ ಮೇಲೆ. ಶೇಕರ್ ದುಬಾರಿ. ವಾರಕ್ಕೆ ಒಂದು ಪ್ಲೇಟ್ ಮಾಡುವವರು ಅದನ್ನು ತಗೊಳ್ಳೋದು ದಂಡ. ರೋಬೋಟ್ ವಿಷಯ ನಮ್ಮ ಜಿಲ್ಲೆಯ ಕಾಲೇಜು ಲ್ಯಾಬಿಗೆ ಈ ಜನ್ಮದಲ್ಲಿ ಬೇಡ.

ನಿಮಗೆ ಯಾವುದು

ಕಾಲೇಜಿನಲ್ಲಿ ಪ್ರಾಜೆಕ್ಟ್, ದಿನಕ್ಕೆ ಹತ್ತಿಪ್ಪತ್ತು ಟ್ಯೂಬ್, ಜೆಲ್‌ನಲ್ಲಿ ನೋಡೋದು: ಟ್ಯಾಕ್ ಬಿಟ್ಟು ಉಳಿದ ಸ್ಟಾಕ್‌ಗಳಿಗೆ ವೋರ್ಟೆಕ್ಸ್, ಮಾಸ್ಟರ್ ಮಿಕ್ಸ್‌ಗೆ ಹದಿನೈದು ಫ್ಲಿಕ್, ಟೆಂಪ್ಲೇಟ್ 5 ಮೈಕ್ರೋಲೀಟರ್ ಹಾಕಿ ಅದೇ ಟಿಪ್‌ನಲ್ಲಿ ಐದು ಸಲ, ಸ್ಪಿನ್. ಇದಕ್ಕಿಂತ ಹೆಚ್ಚು ಬೇಡ. ಹಂಚುವಾಗ ನಡುವೆ ಒಮ್ಮೆ ಮಿಕ್ಸನ್ನು ಮತ್ತೆ ಫ್ಲಿಕ್ ಮಾಡಿ. ಪಾಸಿಟಿವ್ ಕಂಟ್ರೋಲನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಆದರೆ ಕೊನೆಯ ಟ್ಯೂಬಿಗೂ ಮಿಕ್ಸ್ ಮೊದಲಿನಷ್ಟೇ ಚೆನ್ನಾಗಿ ಬಂದಿರಲಿ. ನನ್ನ ಜೆಲ್ ನೆನಪಿದೆಯಲ್ಲ.

ಮಾಮೂಲಿ ಟ್ಯಾಕ್ ಇದ್ದರೆ ಇದೆಲ್ಲ ಐಸ್ ಮೇಲೆ, ಬೇಗ. ರೂಮಿನ ಬಿಸಿಗೆ ಸಿಕ್ಕರೆ ಅದು ಒಂದಕ್ಕೊಂದು ಅಂಟಿದ ಪ್ರೈಮರ್‌ಗಳನ್ನೇ ಪ್ರತಿ ಮಾಡಲು ಶುರು ಮಾಡುತ್ತದೆ. ಮಿಕ್ಸ್ ಮಾಡಲು ಪುರಸೊತ್ತು ಬೇಕು, ಕೈ ಇನ್ನೂ ಹೊಸದು ಅನ್ನುವವರು ಹಾಟ್ ಸ್ಟಾರ್ಟ್ ಎಂಜೈಮ್ ತಗೊಳ್ಳಿ. ದುಡ್ಡು ಜಾಸ್ತಿ, ಆದರೆ ಬಿಸಿಯಾಗುವ ತನಕ ಅದು ಬೀಗ ಹಾಕಿಕೊಂಡಿರುತ್ತದೆ. ರೆಡಿಮೇಡ್ 2 ಪಟ್ಟು ಗಟ್ಟಿ ಇರುವ (2X) ಮಿಕ್ಸ್ ತಗೊಂಡವರು ಮಿಕ್ಸಿಂಗ್ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಅದೂ ನೀರಿಗಿಂತ ಭಾರವೇ. ಬಣ್ಣ ಹಾಕಿದ್ದು ತಗೊಂಡರೆ ಬೆರೆತದ್ದು ಕಣ್ಣಿಗೇ ಕಾಣುತ್ತದೆ. ಹೊಸಬರಿಗೆ ಅದೇ ಒಳ್ಳೆಯದು.

ನಿಮ್ಮ ಕೈ ಹೇಗಿದೆ ಅಂತ ಪರೀಕ್ಷೆ ಮಾಡಬೇಕಾ? ಜೆಲ್‌ಗೆ ಹಾಕುವ ನೀಲಿ ಲೋಡಿಂಗ್ ಡೈಯಲ್ಲಿ ಸಾಮಾನ್ಯವಾಗಿ ಗ್ಲಿಸರಾಲ್ ಇರುತ್ತದೆ, ಅಂದರೆ ಟ್ಯಾಕ್ ನಡೆದುಕೊಳ್ಳುವ ಹಾಗೇ ಅದೂ ನಡೆದುಕೊಳ್ಳುತ್ತದೆ. 500 ಮೈಕ್ರೋಲೀಟರ್ ನೀರಿಗೆ 5 ಹಾಕಿ, ಬಿಳಿ ಕಾಗದದ ಎದುರು ಹಿಡಿಯಿರಿ. ನೀಲಿ ಬಾಲ ತಳಕ್ಕೆ ಇಳಿಯುತ್ತದೆ. ಒಂದು ಸಲ ತಲೆಕೆಳಗೆ ಮಾಡಿ. ಗೋಡೆ ಉದ್ದಕ್ಕೂ ಹೊಗೆಯ ಹಾಗೆ ಎಳೆ ಏಳುತ್ತದೆ, ತಳ ಇನ್ನೂ ಗಾಢ. ಫ್ಲಿಕ್ ಮಾಡುತ್ತಾ ಎಣಿಸಿ. ನನಗೆ ಒಂಬತ್ತಕ್ಕೆ ಪೂರ್ತಿ ಒಂದೇ ಬಣ್ಣ ಆಗುತ್ತದೆ. ಹದಿನೈದು ಅನ್ನೋದು ಅದರ ಮೇಲೆ ಇಟ್ಟುಕೊಂಡ ಅಂತರ.

ಹೊಸ ಲ್ಯಾಬ್, ದುಡ್ಡು ಒಂದಕ್ಕೇ ಇದೆ ಅಂದರೆ ವೋರ್ಟೆಕ್ಸ್ ಬಿಟ್ಟು ಮೊದಲು ಸಣ್ಣ ಸ್ಪಿನ್ ಮೆಷಿನ್ ತಗೊಳ್ಳಿ. ವೋರ್ಟೆಕ್ಸ್ ಕೆಲಸವನ್ನು ಬೆರಳು ಮಾಡುತ್ತದೆ, ಸ್ಪಿನ್ ಕೆಲಸವನ್ನು ಬೆರಳು ಮಾಡಲ್ಲ. ಸ್ಟ್ರಿಪ್ ಹಿಡಿಸುವ ರೋಟರ್ ಜೊತೆಗೇ ಬರುತ್ತದಾ ಅಂತ ಕೇಳಿ. ಪ್ಲೇಟ್ ಸ್ಪಿನ್ನರ್‌ಗೆ ದುಡ್ಡಿಲ್ಲದವರು ಸೊಪ್ಪಿನ ನೀರು ತೆಗೆಯುವ, ಹಿಡಿಕೆ ತಿರುಗಿಸುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎದುರುಬದುರು ಎರಡು ಪ್ಲೇಟ್ ಕಟ್ಟಿ ತಿರುಗಿಸುವುದುಂಟು. ನಗಬೇಡಿ, ಹನಿ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಅದೂ ಇಲ್ಲದಿದ್ದರೆ ಸ್ಟ್ರಿಪ್ಪನ್ನು ಮುಚ್ಚಳದ ಕಡೆ ಬಿಗಿಯಾಗಿ ಹಿಡಿದು, ಹಳೆ ಪಾದರಸದ ಥರ್ಮಾಮೀಟರ್ ಒದರಿದ ಹಾಗೆ ಮಣಿಕಟ್ಟಿನಿಂದ ಕೆಳಮುಖವಾಗಿ ನಾಲ್ಕು ಸಲ ಒದರಿ. ಆ ಹೊತ್ತಿಗೆ ಪಿಸಿಆರ್ ಮೆಷಿನ್‌ಗೆ ಯುಪಿಎಸ್ ಇದೆಯಾ ಅನ್ನೋದನ್ನೂ ನೋಡಿಕೊಳ್ಳಿ.